ಕಚ್ಚಾ ರಸ್ತೆಯ ದೂರ ಪಯಣಕ್ಕೆ ಎಂತಹ ಮೋಟರ್‌ಹೋಮ್?

ಪ್ರಶ್ನೆ: ನಾವಿಬ್ಬರೂ ಅರವತ್ತರ ಹತ್ತಿರದವರು. ಕೆಲಸದಿಂದ ನಿವೃತ್ತರಾದ ಮೇಲೆ ಎರಡು ವರ್ಷ ಮೋಟರ್‌ಹೋಮ್‌ನಲ್ಲಿ, ಅಂದರೆ ಒಳಗೇ ವಾಸಿಸಬಹುದಾದ ವಾಹನದಲ್ಲಿ, ತಿರುಗಬೇಕೆಂದಿದ್ದೇವೆ. ಮೊದಲ ವರ್ಷ ಟರ್ಕಿ, ಕಾಕಸಸ್, ಮಧ್ಯ ಏಷ್ಯಾದ ಪಾಮಿರ್ ಹೆದ್ದಾರಿ ಮತ್ತು ಮಂಗೋಲಿಯಾ; ಎರಡನೆಯ ವರ್ಷ ವಾಹನವನ್ನು ಹಡಗಿಗೇರಿಸಿ ದಕ್ಷಿಣ ಅಮೆರಿಕ. ಯುರೋಪಿನಲ್ಲಿ ಮೂರು ವಾಹನಗಳನ್ನು ನೋಡಿಟ್ಟಿದ್ದೇವೆ. ಒಂದು, ಫಿಯೆಟ್ ಡುಕಾಟೊ ವ್ಯಾನಿನ ಚಾಸಿಯ (ಅಡಿಗಟ್ಟಿನ) ಮೇಲೆ ಕಟ್ಟಿದ 7.4 ಮೀಟರ್ ಉದ್ದದ, 3,500 ಕಿಲೋ ತೂಕಮಿತಿಯ ಮೋಟರ್‌ಹೋಮ್. ಇನ್ನೊಂದು, ಸುಮಾರು 6 ಮೀಟರ್ ಉದ್ದದ, ಎತ್ತರದ ಮಾಡಿನ ಫೋರ್‌ವೀಲ್ ಡ್ರೈವ್ ಮರ್ಸಿಡಿಸ್ ಸ್ಪ್ರಿಂಟರ್ ವ್ಯಾನ್. ಮೂರನೆಯದು, ಹಳೆಯ ಫೋರ್‌ವೀಲ್ ಡ್ರೈವ್ ಲಾರಿಯ ಮೇಲೆ ಪೆಟ್ಟಿಗೆಯಂತೆ ಮನೆ ಕೂರಿಸಿದ 11 ಟನ್ನಿನ ವಾಹನ. ರಸ್ತೆಗಳು ಬಹಳ ಕೆಟ್ಟದಾಗಿವೆ ಎಂದು ಕೇಳಿ ಲಾರಿಯ ಕಡೆಗೆ ಮನಸ್ಸು ವಾಲಿದೆ. ಯಾವುದನ್ನು ಆರಿಸಬೇಕು?

ಉತ್ತರ: ನೀವು ಹೇಳಿದ ಮೂರರಲ್ಲಿ ನಾನು ಸ್ಪ್ರಿಂಟರ್ ವ್ಯಾನನ್ನು ಆರಿಸುತ್ತೇನೆ. ಆದರೆ ಅದರ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುತ್ತದೆ ಎಂಬುದು ನನ್ನ ಮುಖ್ಯ ಕಾರಣವಲ್ಲ. ಇಂತಹ ಪ್ರವಾಸಕ್ಕೆ ಹೊರಡುವವರಲ್ಲಿ ಬಹುಮಂದಿ ತಾವು ಹೋಗುವ ದಾರಿಯಲ್ಲಿ ಅತ್ಯಂತ ಕೆಟ್ಟದಾದ ಹತ್ತು ಕಿಲೋಮೀಟರ್ ಯಾವುದೆಂದು ಊಹಿಸಿ, ಅದನ್ನು ದಾಟಬಲ್ಲ ವಾಹನವನ್ನು ಕೊಳ್ಳುತ್ತಾರೆ. ಅಂತಹ ಹತ್ತು ಕಿಲೋಮೀಟರನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಗಬಹುದು, ಒಂದು ದಿನ ಕಾಯಬಹುದು, ಬೇರೆ ವಾಹನದ ನೆರವು ಪಡೆಯಬಹುದು. ಉಳಿದ ನಲವತ್ತು ಐವತ್ತು ಸಾವಿರ ಕಿಲೋಮೀಟರನ್ನು ಮಾತ್ರ ನಿಮ್ಮ ವಾಹನ ತನ್ನ ಬೆನ್ನ ಮೇಲಿನ ಮನೆಯೊಂದಿಗೆ ತಾನೇ ಓಡಬೇಕು. ಪಾಮಿರ್ ಹೆದ್ದಾರಿಯಲ್ಲಿ ಅಲ್ಲಿನವರು ಸಾಮಾನ್ಯ ಕಾರುಗಳಲ್ಲಿ ಓಡಾಡುತ್ತಾರೆ. ಮಂಗೋಲಿಯಾದ ಹುಲ್ಲುಗಾವಲಿನ ಮಣ್ಣಿನ ಜಾಡುಗಳಲ್ಲಿ ಟೊಯೋಟಾ ಪ್ರಿಯಸ್ ಕಾರುಗಳು ಓಡುತ್ತವೆ. ಒಣ ಹವೆಯಲ್ಲಿ ಆ ದಾರಿಗಳ ಬಹುಭಾಗವನ್ನು ಡುಕಾಟೊ ಕೂಡ ದಾಟುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ದಾಟಿದ ಮೇಲೆ ಒಳಗಿನ ಮನೆ ಮನೆಯಾಗಿಯೇ ಉಳಿದಿರುತ್ತದೆಯೆ?

ಕಚ್ಚಾ ರಸ್ತೆ ಎಂದರೆ ದೊಡ್ಡ ಗುಂಡಿಗಳ ಚಿತ್ರವೇ ಕಣ್ಣಿಗೆ ಬರುತ್ತದೆ. ಗುಂಡಿ ಕಣ್ಣಿಗೆ ಕಾಣುತ್ತದೆ, ವೇಗ ತಗ್ಗಿಸಿ ದಾಟುತ್ತೇವೆ. ವಾಹನವನ್ನು ನಿಜವಾಗಿ ತಿನ್ನುವುದು ಜಲ್ಲಿ ರಸ್ತೆಯ ಮೇಲೆ ಛಾವಣಿಯ ತಗಡಿನ ಹಾಗೆ ಅಡ್ಡಡ್ಡಲಾಗಿ ಏಳುವ ಸಣ್ಣ ಅಲೆಗಳು. ಓಡುವ ಚಕ್ರಗಳೇ ಈ ಅಲೆಗಳನ್ನು ಮೂಡಿಸುತ್ತವೆ. ಸಣ್ಣದೊಂದು ಉಬ್ಬನ್ನು ಹತ್ತಿ ಹಾರಿದ ಚಕ್ರ ಮುಂದೆ ಬೀಳುವಲ್ಲಿ ಮಣ್ಣನ್ನು ತಳ್ಳುತ್ತದೆ, ಹಿಂದೆ ಬರುವ ಪ್ರತಿಯೊಂದು ಚಕ್ರವೂ ಅದನ್ನು ಇನ್ನಷ್ಟು ಆಳ ಮಾಡುತ್ತದೆ. ಅಲೆಯಿಂದ ಅಲೆಗೆ ಅಂತರ 70 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಕ್ರಕ್ಕೆ ಸೆಕೆಂಡಿಗೆ ಸುಮಾರು 24 ಪೆಟ್ಟು, ಗಂಟೆಗೆ 85 ಸಾವಿರ ಪೆಟ್ಟು ಬೀಳುತ್ತದೆ. ಪಾಮಿರ್‌ನಲ್ಲಿಯೂ ಮಂಗೋಲಿಯಾದಲ್ಲಿಯೂ ಬೊಲಿವಿಯಾದ ಎತ್ತರದ ಬಯಲುಗಳಲ್ಲಿಯೂ ಇಂತಹ ರಸ್ತೆ ದಿನಗಟ್ಟಲೆ ಮುಗಿಯುವುದಿಲ್ಲ.

ಅಂತಹ ಒಂದು ದಿನದ ಕೊನೆಗೆ, ಸುಮಾರು 180 ಕಿಲೋಮೀಟರ್ ಓಡಿದ ಮೇಲೆ, ನಾನು ನನ್ನ ಮೊದಲ ಮೋಟರ್‌ಹೋಮ್‌ನ ಬಾಗಿಲು ತೆರೆದಾಗ ಕಂಡದ್ದನ್ನು ಹೇಳುತ್ತೇನೆ. ಅಡುಗೆ ಕಪಾಟಿನಲ್ಲಿ ಒಂದರ ಮೇಲೊಂದಿಟ್ಟ ಅಲ್ಯೂಮಿನಿಯಂ ತಟ್ಟೆಗಳು ಇಡೀ ದಿನ ಒಂದಕ್ಕೊಂದು ಉಜ್ಜಿಕೊಂಡು, ಅವುಗಳ ನಡುವೆ ಬೂದಿಯಂತಹ ಕಪ್ಪು ಪುಡಿ ಶೇಖರವಾಗಿತ್ತು. ಜಾಡಿಯೊಂದರ ಮುಚ್ಚಳ ಅಲುಗಾಟಕ್ಕೇ ತಿರುಗಿ ತಿರುಗಿ ಬಿಚ್ಚಿಕೊಂಡಿತ್ತು. ನೆಲದ ಮೇಲೆ ನಾಲ್ಕು ತಿರುಪುಗಳು ಬಿದ್ದಿದ್ದವು; ಅವು ಎಲ್ಲಿಯವೆಂದು ಹುಡುಕಿದರೆ ಮೇಲಿನ ಕಪಾಟಿನ ಕೀಲುಗಳವು. ಮರಳಿ ಕೂರಿಸಲು ಹೋದೆ, ಹಿಡಿಯಲಿಲ್ಲ; ತೆಳುವಾದ ಹಲಗೆಯಲ್ಲಿ ತೂತುಗಳು ಉದ್ದುದ್ದವಾಗಿ ಅಗಲಿಸಿದ್ದವು. ಸಿಂಕಿನ ಕೆಳಗೆ ಕೈ ಹಾಕಿದಾಗ ಒದ್ದೆಯಾಯಿತು, ಒತ್ತಿ ಸೇರಿಸಿದ ಪ್ಲಾಸ್ಟಿಕ್ ಪೈಪಿನ ಕೂಡುಗೆ ಸಡಿಲವಾಗಿತ್ತು. ಎಂಜಿನ್ನಿಗಾಗಲಿ ಗೇರಿಗಾಗಲಿ ಏನೂ ಆಗಿರಲಿಲ್ಲ. ಅಂದಿನಿಂದ ನಾನು ಯಾವ ಮೋಟರ್‌ಹೋಮ್ ನೋಡಲು ಹೋದರೂ ಬಾನೆಟ್ ಎತ್ತುವುದಕ್ಕೆ ಮೊದಲು ಕಪಾಟಿನ ಕೀಲುಗಳನ್ನು ನೋಡುತ್ತೇನೆ.

ಈ ಪೆಟ್ಟುಗಳ ಪರಿಣಾಮವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ತೂಕ. ಆದ್ದರಿಂದ ಮಾರುವವನನ್ನು ಕೇಳಬೇಕಾದ ಮೊದಲ ಪ್ರಶ್ನೆ, ಹೊರಡುವ ದಿನದಂತೆ ಪೂರ್ತಿ ತುಂಬಿಸಿದ ಮೇಲೆ ಈ ವಾಹನದ ತೂಕಮಿತಿಯಲ್ಲಿ ಇನ್ನೂ ಎಷ್ಟು ಕಿಲೋ ಉಳಿಯುತ್ತದೆ ಎಂಬುದು. ಯುರೋಪಿನ ದಾಖಲೆಗಳಲ್ಲಿ ‘ಓಡಲು ಸಿದ್ಧವಾದ ತೂಕ’ ಎಂದು ಬರೆಯುವ ಅಂಕಿಯಲ್ಲಿ 75 ಕಿಲೋ ತೂಗುವ ಚಾಲಕರೊಬ್ಬರು ಮತ್ತು ಶೇ. 90ರಷ್ಟು ತುಂಬಿದ ಡೀಸೆಲ್ ಟ್ಯಾಂಕ್ ಸೇರಿರುತ್ತವೆ. ಕುಡಿಯುವ ನೀರನ್ನು ಮಾತ್ರ ಅನೇಕ ತಯಾರಕರು 20 ಲೀಟರ್ ಎಂದಷ್ಟೇ ಲೆಕ್ಕ ಹಿಡಿಯುತ್ತಾರೆ. ನಿಮ್ಮ ಲೆಕ್ಕ ಹಾಕೋಣ. ಜೊತೆಗಾರರು 70 ಕಿಲೋ. ನೀರಿನ ಟ್ಯಾಂಕ್ ಪೂರ್ತಿ ತುಂಬಿಸಿದರೆ ಇನ್ನೂ 100. ಆಹಾರ, ಪಾತ್ರೆ 70. ಬಟ್ಟೆ, ಹಾಸಿಗೆ 50. ಸಲಕರಣೆ, ಜ್ಯಾಕ್, ಎಳೆಯುವ ಹಗ್ಗ, ಗಾಳಿ ತುಂಬುವ ಯಂತ್ರ 50. ಎರಡನೆಯ ಸ್ಟೆಪ್ನಿ 30. ಸೋಲಾರ್ ಹಲಗೆಗಳು, ಹೆಚ್ಚುವರಿ ಬ್ಯಾಟರಿ 50. ಎರಡು ಡಬ್ಬಿ ಡೀಸೆಲ್ 40. ಇಷ್ಟಕ್ಕೇ 460 ಕಿಲೋ ಆಯಿತು. ಒಂದೇ ಒಂದು ಸೈಕಲ್ಲನ್ನೂ ನಾನಿನ್ನೂ ಹೇರಿಲ್ಲ. 7.4 ಮೀಟರ್ ಉದ್ದದ, 3,500 ಕಿಲೋ ಮಿತಿಯ ಹಲವು ಮೋಟರ್‌ಹೋಮ್‌ಗಳಲ್ಲಿ ಇಷ್ಟು ಉಳಿಯುವುದೇ ಇಲ್ಲ.

ಉದ್ದವಾದ ವಾಹನದಲ್ಲಿ ಇನ್ನೊಂದು ತೊಂದರೆ ಅಡಗಿದೆ. ಡುಕಾಟೊ ಚಾಸಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅತಿ ಹೆಚ್ಚಿನ ಅಂತರ ಸುಮಾರು 4 ಮೀಟರ್. 7.4 ಮೀಟರ್ ವಾಹನದಲ್ಲಿ ಹಿಂಚಕ್ರದ ಆಚೆಗೆ ಎರಡು ಮೀಟರಿಗೂ ಹೆಚ್ಚು ಭಾಗ ತೂಗಾಡುತ್ತಿರುತ್ತದೆ, ಸಾಮಾನು ತುಂಬುವ ದೊಡ್ಡ ಕೋಣೆಯೂ ಅಲ್ಲಿಯೇ ಇರುತ್ತದೆ. ಹಿಂದಿನ ಆಕ್ಸಲ್‌ನಿಂದ, ಅಂದರೆ ಎರಡು ಹಿಂಚಕ್ರಗಳನ್ನು ಜೋಡಿಸುವ ಅಚ್ಚಿನಿಂದ, 2 ಮೀಟರ್ ಹಿಂದೆ 100 ಕಿಲೋ ಇಟ್ಟರೆ ಆ ಆಕ್ಸಲ್ ಮೇಲೆ 150 ಕಿಲೋ ಭಾರ ಏರುತ್ತದೆ, ಮುಂದಿನ ಆಕ್ಸಲ್ ಮೇಲಿನ ಭಾರ 50 ಕಿಲೋ ಇಳಿಯುತ್ತದೆ. ಡುಕಾಟೊವನ್ನು ಎಳೆಯುವವು ಮುಂಚಕ್ರಗಳು. ಸಡಿಲ ಜಲ್ಲಿಯ ಏರಿನಲ್ಲಿ ಭಾರ ಮತ್ತಷ್ಟು ಹಿಂದಕ್ಕೆ ವಾಲಿದಾಗ ಆ ಮುಂಚಕ್ರಗಳು ಹಿಡಿತ ಸಿಗದೆ ಸುಮ್ಮನೆ ತಿರುಗುತ್ತವೆ. ಏರು ಹತ್ತಿದರೂ, ಹಳ್ಳಕ್ಕಿಳಿದು ಮೇಲೇರುವಾಗ ಉದ್ದನೆಯ ಬಾಲ ನೆಲಕ್ಕೆ ಬಡಿಯುತ್ತದೆ. ಅಲ್ಲಿ ಸಾಮಾನ್ಯವಾಗಿ ಬಚ್ಚಲಿನ ಕೊಳೆನೀರಿನ ಪೈಪು ಇರುತ್ತದೆ.

ನನ್ನ ಮೊದಲ ವಾಹನವನ್ನು ಮಾರಿದವರು 500 ಕಿಲೋ ಹೇರಬಹುದೆಂದು ಹೇಳಿದ್ದರು. ನಾನದನ್ನು ನಂಬಿ, ಪೂರ್ತಿ ತುಂಬಿಸಿದ ಮೇಲೆ ಒಂದು ವೇ ಬ್ರಿಜ್‌ಗೆ ಒಯ್ದು ಮೊದಲು ಮುಂಚಕ್ರಗಳನ್ನು, ಬಳಿಕ ಹಿಂಚಕ್ರಗಳನ್ನು ಬೇರೆ ಬೇರೆಯಾಗಿ ತೂಗಿಸಿದೆ. ಒಟ್ಟು ತೂಕ ಮಿತಿಯ ಅಂಚಿನಲ್ಲಿತ್ತು. ಹಿಂದಿನ ಆಕ್ಸಲ್ ಮಾತ್ರ ತನ್ನ ಮಿತಿಗಿಂತ 140 ಕಿಲೋ ಹೆಚ್ಚು ಹೊತ್ತಿತ್ತು. ಹೊರಡುವ ಆತುರದಲ್ಲಿ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆರು ವಾರಗಳ ಅನಂತರ ಹಿಂದಿನ ಸ್ಪ್ರಿಂಗ್‌ನ ಪಟ್ಟಿ ಮುರಿಯಿತು. ನೀವು ಕೊಳ್ಳುವುದಕ್ಕೆ ಮೊದಲೇ, ನೀರಿನ ಕ್ಯಾನುಗಳನ್ನೋ ಮರಳಿನ ಚೀಲಗಳನ್ನೋ ನಿಮ್ಮ ಸಾಮಾನಿನ ಜಾಗದಲ್ಲಿಟ್ಟು ಹೀಗೆ ಎರಡೂ ಆಕ್ಸಲ್‌ಗಳನ್ನು ತೂಗಿಸಬೇಕು. ಎಲ್ಲವೂ ತುಂಬಿದ ಮೇಲೆ ಒಟ್ಟು ಮಿತಿಯಲ್ಲಿ ಶೇ. 10ರಷ್ಟು ಖಾಲಿ ಉಳಿದರೆ ಆ ವಾಹನವನ್ನು ಕಚ್ಚಾ ರಸ್ತೆಗೆ ಒಯ್ಯಬಹುದು. ಉಳಿಯದಿದ್ದರೆ, ಅದಕ್ಕೆ ಎಷ್ಟೇ ದಪ್ಪ ಟೈರು ಹಾಕಿಸಿದರೂ ನಾನು ಅದನ್ನು ಆರಿಸಲಾರೆ. ಈ ಕಾರಣಕ್ಕೇ ನಿಮ್ಮ ಪಟ್ಟಿಯಿಂದ ಡುಕಾಟೊವನ್ನು ಬಿಡುತ್ತಿದ್ದೇನೆ. ಅದೇ ಡುಕಾಟೊ 6 ಮೀಟರಿನ ವ್ಯಾನ್ ರೂಪದಲ್ಲಿ, ಹಗುರವಾಗಿ ಸಿಕ್ಕಿದ್ದರೆ ನನ್ನ ಮಾತು ಇಷ್ಟು ಕಟುವಾಗಿರುತ್ತಿರಲಿಲ್ಲ.

ಲಾರಿಯ ವಿಷಯದಲ್ಲಿ ತೂಕದ ಪ್ರಶ್ನೆ ತಿರುಗುಮುರುಗಾಗುತ್ತದೆ. ಹೇರಲು ಬೇಕಾದಷ್ಟು ಅವಕಾಶವಿದೆ. ಆದರೆ ನೀವಿಬ್ಬರು ಆ ತೂಕದೊಂದಿಗೆ ಬದುಕಬೇಕು. ಮರಳಿಗೆ ಹೊಂದುವಂತೆ ಇಂತಹ ಲಾರಿಗಳಿಗೆ ಹಾಕುವ 14.00 ಆರ್ 20 ಅಳತೆಯ ಟೈರು ಒಂದೇ 100 ಕಿಲೋಗೂ ಹೆಚ್ಚು ತೂಗುತ್ತದೆ, ರಿಮ್ ಸೇರಿದರೆ ಇನ್ನೂ ಹೆಚ್ಚು. ಗಾಳಿ ಬೀಸುವ ಬಯಲಿನಲ್ಲಿ ಅದನ್ನು ಕಳಚಿ, ಇನ್ನೊಂದನ್ನು ಮೇಲಿನಿಂದ ಇಳಿಸಿ, ಬೋಲ್ಟುಗಳಿಗೆ ಸರಿಯಾಗಿ ಕೂರಿಸುವ ಕೆಲಸವನ್ನು ಅರವತ್ತರ ವಯಸ್ಸಿನಲ್ಲಿ ಇಬ್ಬರೇ ಮಾಡಬಲ್ಲಿರೆ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. 11 ಟನ್ನಿನ ವಾಹನ ಕೆಸರಿನಲ್ಲಿ ಹೂತರೆ ದಾರಿಹೋಕರ ಜೀಪು ಅದನ್ನು ಎಳೆಯಲಾರದು, ಇನ್ನೊಂದು ಲಾರಿಯೇ ಬರಬೇಕು. ಹಳ್ಳಿಗಳ ಮರದ ಸೇತುವೆಗಳ ಮುಂದೆ ಇಳಿದು ಹಲಗೆಗಳನ್ನು ತಟ್ಟಿ ನೋಡುವ ಕೆಲಸ ನಿತ್ಯದ್ದಾಗುತ್ತದೆ. ಹಳೆಯ ಪಟ್ಟಣಗಳ ಒಳಗೆ ಹೋಗುವಂತಿಲ್ಲ. ಯುರೋಪಿನ ಬಿ ದರ್ಜೆಯ ಪರವಾನಗಿ 3,500 ಕಿಲೋವರೆಗೆ, ಸಿ1 ದರ್ಜೆಯದು 7,500 ಕಿಲೋವರೆಗೆ. ಅದಕ್ಕೂ ಮೇಲಿನ ವಾಹನಕ್ಕೆ ಪೂರ್ತಿ ಲಾರಿ ಓಡಿಸುವ ಪರವಾನಗಿಯೇ ಬೇಕು. ಅದನ್ನು ಪಡೆದು, ಒಂದೆರಡು ವರ್ಷ ದೊಡ್ಡ ವಾಹನ ಓಡಿಸಿ ಕೈ ಪಳಗಿಸಿಕೊಂಡವರಿಗೆ, ತಿಂಗಳುಗಟ್ಟಲೆ ಮರುಭೂಮಿಯಲ್ಲಿಯೇ ಇರಬೇಕೆನ್ನುವವರಿಗೆ ಹಳೆಯ ಲಾರಿ ನಿಜಕ್ಕೂ ಉತ್ತಮ ಜೊತೆಗಾರ. ಅದರ ಎಂಜಿನ್ನಿನಲ್ಲಿ ಎಲೆಕ್ಟ್ರಾನಿಕ್ಸ್ ಕಡಿಮೆ, ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್ ಎಲ್ಲ ದೇಶದಲ್ಲಿಯೂ ಇದ್ದಾನೆ. ನಿಮ್ಮ ಪ್ರವಾಸ ಅಂಥದ್ದಲ್ಲ.

ಲಾರಿಯನ್ನೇ ಕೊಳ್ಳುವುದಾದರೆ ಒಂದು ಪರೀಕ್ಷೆಯನ್ನು ತಪ್ಪಿಸಬೇಡಿ. ಲಾರಿಯ ಚಾಸಿ ಏರುತಗ್ಗಿನಲ್ಲಿ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುವುದು ಸಹಜ, ಅದು ಹಾಗೆ ಬಾಗಲೆಂದೇ ಮಾಡಿದ್ದು. ಅದರ ಮೇಲಿನ ಮನೆಯ ಪೆಟ್ಟಿಗೆ ಮಾತ್ರ ಬಾಗಕೂಡದು. ಆದ್ದರಿಂದ ಪೆಟ್ಟಿಗೆಯನ್ನು ಚಾಸಿಗೆ ಬಿಗಿಯಾಗಿ ಬೋಲ್ಟ್ ಮಾಡದೆ, ಮೂರು ಅಥವಾ ನಾಲ್ಕು ಕಡೆಗಳಲ್ಲಿ ತಿರುಗಾಣಿಗಳ ಮೇಲೆ, ಇಲ್ಲವೆ ಸ್ಪ್ರಿಂಗ್‌ಗಳ ಮೇಲೆ ಕೂರಿಸಿರಬೇಕು. ಒಂದು ಮುಂಚಕ್ರವನ್ನೂ ಅದಕ್ಕೆ ಕರ್ಣವಾಗಿರುವ ಹಿಂಚಕ್ರವನ್ನೂ ದಪ್ಪ ದಿಮ್ಮಿಗಳ ಮೇಲೆ ಹತ್ತಿಸಿ, ಆ ಸ್ಥಿತಿಯಲ್ಲಿ ಮನೆಯ ಬಾಗಿಲನ್ನು ತೆರೆದು ಮುಚ್ಚಿ ನೋಡಿ. ಸರಿಯಾಗಿ ಕೂರಿಸಿದ ಪೆಟ್ಟಿಗೆಯ ಬಾಗಿಲು ಎಂದಿನಂತೆ ಮುಚ್ಚುತ್ತದೆ. ಎಲ್ಲಾದರೂ ತಾಗಿ ಸಿಕ್ಕಿಕೊಂಡರೆ ಪೆಟ್ಟಿಗೆ ತಿರುಚುತ್ತಿದೆ, ಇಂದಲ್ಲ ನಾಳೆ ಅದರ ಮೂಲೆಗಳು ಬಿರಿದು ನೀರು ಒಳಗೆ ಬರುತ್ತದೆ ಎಂದರ್ಥ. ವ್ಯಾನ್ ಅಲ್ಲದ, ಕ್ಯಾಬಿನ್ನಿನ ಹಿಂದೆ ಬೇರೆ ಮನೆ ಕಟ್ಟಿದ ಯಾವ ಮೋಟರ್‌ಹೋಮ್‌ಗೂ, ದಿಮ್ಮಿಯ ಎತ್ತರವನ್ನು ಕಡಿಮೆ ಮಾಡಿ, ಈ ಪರೀಕ್ಷೆ ಮಾಡಬಹುದು.

ವ್ಯಾನಿಗೆ ಈ ಆತಂಕ ಬಹುಮಟ್ಟಿಗೆ ಇಲ್ಲ. ಅದರ ಮೈ ಚಾಲಕನ ಕ್ಯಾಬಿನ್ನಿನಿಂದ ಹಿಂದಿನ ಬಾಗಿಲಿನ ತನಕ ಒಟ್ಟಿಗೆ ಬೆಸೆದ ಉಕ್ಕಿನ ಚಿಪ್ಪು. ಮನೆ ಆ ಚಿಪ್ಪಿನ ಒಳಗಿದೆ. ಚಳಿಗೆ ಅದು ಪೆಟ್ಟಿಗೆಯ ದಪ್ಪ ಗೋಡೆಯಷ್ಟು ಬೆಚ್ಚಗಿರುವುದಿಲ್ಲ, ಒಳಗೆ ಜಾಗವೂ ಕಡಿಮೆ. ಎರಡು ವರ್ಷ ಇಬ್ಬರು ಅದರಲ್ಲಿ ಬಾಳುವುದು ಸುಲಭವೆಂದು ನಾನು ಹೇಳುವುದಿಲ್ಲ. ಹಾಸಿಗೆಯನ್ನು ಪ್ರತಿದಿನ ಮಡಿಚಿ ಬಿಡಿಸುವ ವಿನ್ಯಾಸ ನಿಮಗೆ ಬೇಡ. ಒಬ್ಬರು ಮಲಗಿರುವಾಗ ಇನ್ನೊಬ್ಬರು ಕುಳಿತು ಓದಲು ಜಾಗವಿರುವ ವಿನ್ಯಾಸವೇ ಬೇಕು. ಸುಮಾರು 5.9 ಮೀಟರ್ ಉದ್ದದ ಸ್ಪ್ರಿಂಟರ್‌ನಲ್ಲಿ ಹಾಸಿಗೆಯನ್ನು ಅಡ್ಡಲಾಗಿ ಹಾಕಿರುತ್ತಾರೆ. ಇಬ್ಬರೂ ಅದರಲ್ಲಿ ಅರ್ಧ ಗಂಟೆ ಕಾಲು ಚಾಚಿ ಮಲಗಿ ನೋಡದೆ ಮುಂಗಡ ಕೊಡಬೇಡಿ. ಕಾಲು ಮಡಿಚಬೇಕಾಗಿ ಬಂದರೆ ಅದೇ ವಾಹನದ ಸುಮಾರು 7 ಮೀಟರಿನ ಮಾದರಿಯನ್ನು ನೋಡಿ, ಆದರೆ ಹಿಂಚಕ್ರದ ಆಚೆಗಿನ ಬಾಲದ ವಿಷಯವನ್ನು ನೆನಪಿನಲ್ಲಿಡಿ.

ಈಗ ಫೋರ್‌ವೀಲ್ ಡ್ರೈವ್. ಅದು ನಿಷ್ಪ್ರಯೋಜಕವೆಂದು ನಾನು ಹೇಳಲಿಲ್ಲ. ಮಳೆಯ ಮೇಲಿನ ಹುಲ್ಲು, ಒದ್ದೆ ಜೇಡಿಮಣ್ಣಿನ ಏರು, ತಂಗುವ ಜಾಗದ ಸಡಿಲ ಮರಳು, ಇಲ್ಲೆಲ್ಲ ಅದು ನಿಮ್ಮ ಅರ್ಧ ದಿನವನ್ನು ಉಳಿಸುತ್ತದೆ. ಐಸ್‌ಲ್ಯಾಂಡಿನಲ್ಲಿ ‘ಎಫ್’ ಗುರುತಿನ ಒಳನಾಡ ರಸ್ತೆಗಳಿಗೆ ಫೋರ್‌ವೀಲ್ ಡ್ರೈವ್ ಕಡ್ಡಾಯ. ಆದರೆ ಎರಡು ವಿಷಯ ವಿಚಾರಿಸಿ. ಮೊದಲನೆಯದು, ನೆಲದಿಂದ ಎತ್ತರ ಎಷ್ಟಿದೆ ಎಂಬುದು. ಡೀಸೆಲ್ ಟ್ಯಾಂಕ್, ನೀರಿನ ಟ್ಯಾಂಕ್, ಹೀಟರಿನ ಹೊಗೆ ಕೊಳವೆ ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕೆಳಗೆ ಜೋತಿದೆಯೋ ಅದೇ ನಿಮ್ಮ ನಿಜವಾದ ಎತ್ತರ. ಎರಡನೆಯದು, ಬಹಳ ನಿಧಾನವಾಗಿ ಹತ್ತಿಳಿಯಲು ನೆರವಾಗುವ ಹೆಚ್ಚುವರಿ ತಗ್ಗಿನ ಗೇರ್ ಇದೆಯೆ ಎಂಬುದು. ಸ್ಪ್ರಿಂಟರ್‌ನ ಹಿಂದಿನ ಫೋರ್‌ವೀಲ್ ಡ್ರೈವ್ ಮಾದರಿಗಳಲ್ಲಿ ಬೇಡಿಕೆಯ ಮೇಲೆ ಅದನ್ನು ಕೊಡುತ್ತಿದ್ದರು. ಚಕ್ರಗಳಿಗೆ ಅಗತ್ಯಕ್ಕೆ ತಕ್ಕಂತೆ ತಾನಾಗಿಯೇ ಬಲ ಹಂಚುವ ಹೊಸ ವ್ಯವಸ್ಥೆ ಬಂದ ಮೇಲೆ ಅದು ಇಲ್ಲ. ಕಡಿದಾದ ಕಲ್ಲುದಾರಿಯಲ್ಲಿ ಬ್ರೇಕನ್ನು ಕಾಯಿಸದೆ ಇಳಿಯಲು ಆ ಗೇರಿನಷ್ಟು ಉಪಕಾರಿ ಬೇರೆ ಇಲ್ಲ. ನೀವು ನೋಡಿಟ್ಟ ವ್ಯಾನಿನಲ್ಲಿ ಅದಿದ್ದರೆ, ಕೆಲವು ವರ್ಷ ಹಳೆಯದಾದರೂ ಸರಿ, ಅದಕ್ಕೆ ಹೆಚ್ಚು ಬೆಲೆಯಿದೆ.

ಟೈರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಷ್ಟು ಕಡಿಮೆ ಖರ್ಚಿನಲ್ಲಿ ಅಷ್ಟು ದೊಡ್ಡ ಸುಧಾರಣೆ ಬೇರೆ ಯಾವುದರಿಂದಲೂ ಆಗುವುದಿಲ್ಲ. ಮೋಟರ್‌ಹೋಮ್‌ಗೆಂದೇ ಮಾಡಿದ ಟೈರುಗಳಲ್ಲಿ ಹಿಂದಿನ ಆಕ್ಸಲ್‌ಗೆ 5.5 ಬಾರ್ ಒತ್ತಡದವರೆಗೆ ಗಾಳಿ ತುಂಬುತ್ತಾರೆ. ಡಾಂಬರಿನಲ್ಲಿ ಅದು ಸರಿ. ಅದೇ ಗಾಳಿಯಲ್ಲಿ ಜಲ್ಲಿ ರಸ್ತೆಗೆ ಇಳಿದರೆ ಟೈರು ಕಲ್ಲಿನಂತಾಗಿ ಪ್ರತಿ ಪೆಟ್ಟನ್ನೂ ಮನೆಗೆ ದಾಟಿಸುತ್ತದೆ. ಜಲ್ಲಿ ಶುರುವಾಗುವಲ್ಲಿ ನಿಂತು, ನಿಮ್ಮ ತೂಕಕ್ಕೆ ಟೈರು ತಯಾರಕರು ಒಪ್ಪುವಷ್ಟು ಗಾಳಿ ಇಳಿಸಿ, ವೇಗವನ್ನೂ ತಗ್ಗಿಸಿ ಓಡಿಸಿ. ಡಾಂಬರು ಬಂದೊಡನೆ ಮತ್ತೆ ತುಂಬಿಸಿ. ಗಾಳಿ ಕಡಿಮೆಯಿರುವ ಟೈರು ವೇಗದಲ್ಲಿ ಕಾದು ಸಿಡಿಯುತ್ತದೆ, ಆದ್ದರಿಂದ ಇಳಿಸುವುದರಷ್ಟೇ ತುಂಬುವುದೂ ಮುಖ್ಯ. ಇದಕ್ಕೆ ಒಳ್ಳೆಯ ಒತ್ತಡಮಾಪಕ ಮತ್ತು ಗಟ್ಟಿಮುಟ್ಟಾದ ಗಾಳಿ ಯಂತ್ರ ಬೇಕು. ಹಿಂದೆ ಜೋಡಿ ಚಕ್ರಗಳಿರುವ ವಾಹನವನ್ನು ನಾನು ಇಂತಹ ದಾರಿಗೆ ಆರಿಸುವುದಿಲ್ಲ. ಎರಡು ಟೈರುಗಳ ನಡುವೆ ಸಿಕ್ಕಿಕೊಂಡ ಕಲ್ಲು ಒಳಬದಿಯನ್ನು ಕೊಯ್ಯುತ್ತದೆ, ಅದು ಹೊರಗಿನಿಂದ ಕಾಣುವುದೂ ಇಲ್ಲ. ಹಲವರು ಜಲ್ಲಿಯ ಅಲೆಗಳ ಮೇಲೆ 80ರ ವೇಗದಲ್ಲಿ ಓಡಿಸಿದರೆ ವಾಹನ ತೇಲುತ್ತದೆ ಎನ್ನುತ್ತಾರೆ. ತೇಲುತ್ತದೆ ನಿಜ, ಏಕೆಂದರೆ ಆಗ ಚಕ್ರ ಅಲೆಗಳ ತುದಿಗಳನ್ನಷ್ಟೇ ಮುಟ್ಟುತ್ತಿರುತ್ತದೆ. ಆ ಹೊತ್ತಿನಲ್ಲಿ ಬ್ರೇಕಿಗೂ ಸ್ಟೀರಿಂಗಿಗೂ ನೆಲದ ಹಿಡಿತ ಇರುವುದಿಲ್ಲ. ಮೂರೂವರೆ ಟನ್ನಿನ ಮನೆಯನ್ನು ಹಾಗೆ ಓಡಿಸಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಎಂಜಿನ್ನಿನಲ್ಲಿ ನೀವು ಯೋಚಿಸಬೇಕಾದುದು ಹೊಸ ಡೀಸೆಲ್ ವಾಹನಗಳ ಹೊಗೆ ಶುದ್ಧೀಕರಣ. ಯುರೋಪಿನ ಹೊಗೆ ನಿಯಮಗಳಲ್ಲಿ ಯೂರೋ 6 ಮಟ್ಟದ ಎಂಜಿನ್ನುಗಳನ್ನು ಗಂಧಕ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಭಾಗ) ಮೀರದ ಡೀಸೆಲ್‌ಗಾಗಿ ರೂಪಿಸಿದ್ದಾರೆ. ಗಂಧಕ ಹೆಚ್ಚಿರುವ ಡೀಸೆಲನ್ನು ಬಹುಕಾಲ ಹಾಕಿದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಮತ್ತು ಅದರ ಹಿಂದುಮುಂದಿನ ಭಾಗಗಳು ಕೆಡುತ್ತವೆ. ಅಲ್ಲದೆ ಈ ಎಂಜಿನ್ನುಗಳಿಗೆ ಆಡ್‌ಬ್ಲೂ ಎಂಬ ದ್ರವ ಬೇಕು, ಅದು ಶೇ. 32.5ರಷ್ಟು ಯೂರಿಯಾ ಕರಗಿಸಿದ ಶುದ್ಧ ನೀರು, ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಅದು ಪೂರ್ತಿ ಮುಗಿದರೆ, ನಿಲ್ಲಿಸಿದ ಎಂಜಿನ್ ಮತ್ತೆ ಶುರುವಾಗದಂತೆ ವಾಹನದ ಕಂಪ್ಯೂಟರ್ ತಡೆಯುತ್ತದೆ. ಆದ್ದರಿಂದ ಹೊಸ ವಾಹನವಾದರೆ 20 ಲೀಟರ್ ಆಡ್‌ಬ್ಲೂ, ನಾಲ್ಕು ಡೀಸೆಲ್ ಫಿಲ್ಟರ್‌ಗಳು ಮತ್ತು ಡೀಸೆಲಿನಿಂದ ನೀರನ್ನು ಬೇರ್ಪಡಿಸುವ ಹೆಚ್ಚುವರಿ ಫಿಲ್ಟರ್ ಇಲ್ಲದೆ ಹೊರಡಬೇಡಿ. ಡೀಸೆಲನ್ನು ಲಾರಿಗಳು ಸಾಲುಗಟ್ಟಿ ನಿಲ್ಲುವ ದೊಡ್ಡ ಬಂಕಿನಲ್ಲಿಯೇ ತುಂಬಿಸಿ. ಯೂರೋ 5 ಅಥವಾ ಅದಕ್ಕಿಂತ ಹಳೆಯ ಸ್ಪ್ರಿಂಟರ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದರೆ ನಾನು ಅದಕ್ಕೇ ಒಲವು ತೋರುತ್ತೇನೆ, ಆದರೆ ಯುರೋಪಿನ ಕೆಲವು ನಗರಗಳ ಒಳಗೆ ಹಳೆಯ ಡೀಸೆಲ್ ವಾಹನಗಳಿಗೆ ಪ್ರವೇಶವಿಲ್ಲ ಎಂಬುದನ್ನು ತಿಳಿದಿರಬೇಕು.

ಎತ್ತರದ ಪ್ರದೇಶ ಎಂಜಿನ್ನಿಗಿಂತ ಮನೆಯನ್ನೇ ಹೆಚ್ಚು ಕಾಡುತ್ತದೆ. ಪಾಮಿರ್ ಹೆದ್ದಾರಿಯ ಅಕ್‌ಬೈತಾಲ್ ಕಣಿವೆದಾರಿ 4,655 ಮೀಟರ್ ಎತ್ತರದಲ್ಲಿದೆ, ಬೊಲಿವಿಯಾದ ಉಯುನಿ ಉಪ್ಪಿನ ಬಯಲು ಸುಮಾರು 3,650 ಮೀಟರ್‌ನಲ್ಲಿದೆ. ಅಲ್ಲಿ ಗಾಳಿ ತೆಳುವಾಗಿರುವುದರಿಂದ ಡೀಸೆಲ್ ಹೀಟರ್ ಸರಿಯಾಗಿ ಉರಿಯದೆ ಮಸಿ ಕಟ್ಟಿ, ಬೇಕೇಬೇಕಾದ ರಾತ್ರಿಯೇ ನಿಂತುಹೋಗುತ್ತದೆ. ಎತ್ತರಕ್ಕೆ ತಕ್ಕಂತೆ ಡೀಸೆಲನ್ನು ಕಡಿಮೆ ಮಾಡುವ ವ್ಯವಸ್ಥೆ ಹೀಟರಿನಲ್ಲಿ ಇದೆಯೆ, ಎಷ್ಟು ಎತ್ತರದ ತನಕ ಎಂದು ಬರಹದಲ್ಲಿ ಕೇಳಿ. ಡೀಸೆಲ್ ಒಲೆಗೂ ಇದೇ ದೋಷವಿದೆ. ಅಡುಗೆಗೆ ಸಣ್ಣದೊಂದು ಗ್ಯಾಸ್ ಒಲೆ ಜೊತೆಗಿರಲಿ. ಗ್ಯಾಸನ್ನೇ ಎಲ್ಲದಕ್ಕೂ ನೆಚ್ಚಬೇಡಿ, ಏಕೆಂದರೆ ಸಿಲಿಂಡರಿನ ಕತ್ತಿನ ಅಳತೆ ದೇಶದಿಂದ ದೇಶಕ್ಕೆ ಬೇರೆ, ಒಂದೆಡೆಯ ಸಿಲಿಂಡರನ್ನು ಇನ್ನೊಂದೆಡೆ ತುಂಬಿಕೊಡುವುದಿಲ್ಲ. 4,000 ಮೀಟರ್‌ನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಪ್ರೆಷರ್ ಕುಕ್ಕರ್ ಇಲ್ಲದೆ ಕಾಳು ಬೇಯುವುದಿಲ್ಲ.

ಫ್ರಿಜ್ಜು ಕಂಪ್ರೆಸರ್ ಬಗೆಯದಾಗಿರಲಿ. ಗ್ಯಾಸಿನಿಂದ ನಡೆಯುವ ಫ್ರಿಜ್ಜಿಗೆ ವಾಹನ ಸಮತಟ್ಟಾಗಿ ನಿಲ್ಲಬೇಕು. ಅದಕ್ಕಾಗಿ ಹೊರಗೋಡೆಯಲ್ಲಿ ಮಾಡಿದ ಗಾಳಿಕಂಡಿಗಳಿಂದ ದೂಳು ಹಿಟ್ಟಿನಂತೆ ಒಳಗೆ ಸುರಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರವಾದದ್ದು, ತೂಕದ ದೃಷ್ಟಿಯಿಂದ ಅದೇ ಸರಿ; ಆದರೆ ಸೊನ್ನೆ ಡಿಗ್ರಿಯ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಆದ್ದರಿಂದ ಅದು ಬೆಚ್ಚಗಿನ ಒಳಭಾಗದಲ್ಲಿಯೇ ಇರಬೇಕು. ನೀರಿನ ಟ್ಯಾಂಕಿಗೂ ಅದೇ ಮಾತು.

ಹಡಗಿನ ವಿಷಯವನ್ನು ಕೊಳ್ಳುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎತ್ತರದ ಬಗೆಯ 40 ಅಡಿ ಕಂಟೇನರಿನ ಬಾಗಿಲು ಸುಮಾರು 2.58 ಮೀಟರ್ ಎತ್ತರ, 2.34 ಮೀಟರ್ ಅಗಲ. ನಿಮ್ಮ ಸ್ಪ್ರಿಂಟರ್, ಅದರಲ್ಲಿಯೂ ಮಾಡಿನ ಮೇಲೆ ಸೋಲಾರ್ ಹಲಗೆ ಇರುವಾಗ, ಅದರೊಳಗೆ ಹೋಗುವುದಿಲ್ಲ. ವಾಹನವನ್ನು ಓಡಿಸಿಕೊಂಡೇ ಒಳಗೆ ನಿಲ್ಲಿಸುವ ಹಡಗಿನಲ್ಲಿ ಕಳುಹಿಸಬೇಕಾಗುತ್ತದೆ. ಯುರೋಪಿನಿಂದ ಉರುಗ್ವೆಯ ಮೊಂಟೆವಿಡಿಯೊಗೆ ಹಾಗೆ ಕಳುಹಿಸುವವರು ಬಹಳ ಮಂದಿ. ಅಲ್ಲಿ ಕೀಲಿಯನ್ನು ಹಡಗಿನವರಿಗೆ ಕೊಡಬೇಕಾದುದರಿಂದ, ಕ್ಯಾಬಿನ್ನಿಗೂ ಮನೆಗೂ ನಡುವೆ ಬೀಗ ಹಾಕಬಲ್ಲ ಗಟ್ಟಿ ತಡೆಹಲಗೆ ಮಾಡಿಸಿ. ಮುಂದೆ ಉತ್ತರ ಅಮೆರಿಕಕ್ಕೂ ಹೋಗುವ ಮನಸ್ಸಾದರೆ, ಪನಾಮಾ ಮತ್ತು ಕೊಲಂಬಿಯಾ ನಡುವೆ ಡೇರಿಯನ್ ಕಾಡಿನಲ್ಲಿ ಸುಮಾರು 100 ಕಿಲೋಮೀಟರ್ ರಸ್ತೆಯೇ ಇಲ್ಲದಿರುವುದರಿಂದ ಇನ್ನೊಮ್ಮೆ ಹಡಗು ಬೇಕು. ಇರಾನ್ ಅಥವಾ ಪಾಕಿಸ್ತಾನದ ಕಡೆಗೆ ದಾರಿ ಬದಲಾಯಿಸಿದರೆ ‘ಕಾರ್ನೆ ದ ಪಸ್ಸಾಜ್’ ಎಂಬ ಸುಂಕ ಖಾತರಿಯ ಪುಸ್ತಕ ಬೇಕಾಗುತ್ತದೆ. ಅದರ ಠೇವಣಿ ವಾಹನದ ಮೌಲ್ಯಕ್ಕೆ ತಕ್ಕಂತೆ ಏರುತ್ತದೆ ಎಂಬುದು ದುಬಾರಿ ವಾಹನ ಕೊಳ್ಳದಿರಲು ಇನ್ನೊಂದು ಕಾರಣ.

ಕೊನೆಯದಾಗಿ, ಪ್ರವಾಸಕ್ಕೆ ಆರು ತಿಂಗಳು ಮೊದಲೇ ವಾಹನವನ್ನು ಕೊಂಡು, ಪೂರ್ತಿ ತುಂಬಿಸಿ, ಎರಡು ವಾರ ಜಲ್ಲಿ ರಸ್ತೆಗಳಲ್ಲೇ ಓಡಿಸಿ. ಪ್ರತಿ ಸಂಜೆ ಒಂದು ಟಾರ್ಚ್ ಹಿಡಿದು ಒಬ್ಬರು ವಾಹನದ ಕೆಳಗೆ, ಒಬ್ಬರು ಒಳಗೆ ನೋಡಿ: ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿದೆಯೆ, ಯಾವ ಪೈಪು ಯಾವುದಕ್ಕೆ ಉಜ್ಜಿದೆ, ಯಾವ ತಿರುಪು ಸಡಿಲಾಗಿದೆ, ದೂಳು ಎಲ್ಲಿಂದ ಬಂದಿದೆ. ಕಂಡದ್ದನ್ನೆಲ್ಲ ಬರೆದಿಡಿ. ಮರಳಿ ಬಂದ ಮೇಲೆ ತೆಳು ಹಲಗೆಯ ತಿರುಪುಗಳಿದ್ದಲ್ಲಿ ಹಲಗೆಯ ಆಚೆಗೂ ಹಾಯುವ ಬೋಲ್ಟು ಮತ್ತು ಅಗಲವಾದ ವಾಷರ್, ಉಜ್ಜುವ ಪೈಪಿಗೆ ರಬ್ಬರ್ ಹೊದಿಕೆ, ಶಾಕ್ ಅಬ್ಸಾರ್ಬರ್‌ಗೆ ಹೆಚ್ಚು ಭಾರ ತಾಳುವ ಬಗೆ, ಹೀಗೆ ಒಂದೊಂದನ್ನೇ ಸರಿಪಡಿಸಿ, ಆ ಎರಡು ವಾರಗಳಲ್ಲಿ ಒಮ್ಮೆಯೂ ಕೈಗೆತ್ತಿಕೊಳ್ಳದ ಸಾಮಾನುಗಳನ್ನು ಕೆಳಗಿಳಿಸಿ, ವಾಹನವನ್ನು ಮತ್ತೊಮ್ಮೆ ವೇ ಬ್ರಿಜ್‌ಗೆ ಒಯ್ಯಿರಿ.